ಸಂಧಿವಾತಕ್ಕೆ ಯಾವ ಔಷಧಿ? ಕ್ಯಾನ್ಸರ್ ಭಯ, ಟಿಬಿ ಭಯ, ಜೇಬಿನ ಲೆಕ್ಕ

ರುಮಟಾಯ್ಡ್ ಸಂಧಿವಾತ ಇರುವ ಮನೆಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೋಟ್ರೆಕ್ಸೇಟ್ ತಗೊಂಡು ಆರು ತಿಂಗಳಾಯಿತು. ಇನ್ನೂ ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿಲ್ಲ. ಡಾಕ್ಟರು ಚೀಟಿಯಲ್ಲಿ ಮೂರ್ನಾಲ್ಕು ಹೆಸರು ಬರೆದು 'ಮನೇಲಿ ಮಾತಾಡಿಕೊಂಡು ಬನ್ನಿ' ಅಂದಿದ್ದಾರೆ. ಈಗ ಯಾವುದು?

ನಾನು ಡಾಕ್ಟರಲ್ಲ. ಅತ್ತೆಯ ಫೈಲು ಹಿಡಿದುಕೊಂಡು ವರ್ಷಗಟ್ಟಲೆ ಆಸ್ಪತ್ರೆ ಸುತ್ತಿದವಳು, ಆ ನೆಪದಲ್ಲಿ ಓದಿಕೊಂಡವಳು. ಅತ್ತೆಯ ಚೀಟಿಯಲ್ಲಿ ಮೊದಲು ಇದ್ದದ್ದು 'ಆ್ಯಂಟಿ ಟಿಎನ್‌ಎಫ್'. ಟಿಎನ್‌ಎಫ್ ಅಂದರೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಗಡ್ಡೆ ಕೊಲ್ಲುವ ವಸ್ತು ಅಂತ ಅರ್ಥ ಹೇಳಿದೆ. ಅತ್ತೆ ಕನ್ನಡಕ ತೆಗೆದಿಟ್ಟು ಕೇಳಿದ್ದು ಇಷ್ಟೇ: 'ಅಲ್ಲ ಕಣಮ್ಮ, ಗಡ್ಡೆ ಕೊಲ್ಲೋದನ್ನ ಇವರು ತಡೆದರೆ ನಂಗೆ ಗಡ್ಡೆ ಬರಲ್ವಾ?'

ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಯಾವ ಔಷಧಿ ಯಾರಿಗೆ ಅನ್ನುವುದೂ ಅರ್ಧ ಗೊತ್ತಾಗಿಬಿಡುತ್ತದೆ.

ಮೊದಲು ಏನೇನು ನೋಡಬೇಕು

ಔಷಧಿಗಳ ಹೆಸರಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ವಿಷಯ ಬರೆದುಕೊಳ್ಳಿ. ಟಿಬಿ ಹಿಂದೆ ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ಇತ್ತಾ? ಈ ಔಷಧಿಗಳಲ್ಲಿ ಕೆಲವು ಒಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಹುದು, ಹಾಗಾಗಿ ನನ್ನ ಪ್ರಕಾರ ನಮ್ಮ ದೇಶದಲ್ಲಿ ಇದೇ ಮೊದಲ ಸಾಲು. ಆಮೇಲೆ ವಯಸ್ಸು, ಬೀಡಿ ಸಿಗರೇಟು, ಹೃದಯದ ತೊಂದರೆ. ಹಿಂದೆ ಕ್ಯಾನ್ಸರ್ ಆಗಿತ್ತಾ, ಆಗಿದ್ದರೆ ಯಾವುದು, ಎಷ್ಟು ವರ್ಷದ ಹಿಂದೆ. ಹೆಪಟೈಟಿಸ್ ಬಿ. ಮಗು ಬೇಕೆಂಬ ಯೋಚನೆ. ಮೆಥೋಟ್ರೆಕ್ಸೇಟ್ ಹೊಟ್ಟೆಗೆ ಒಗ್ಗುತ್ತದೆಯೋ ಇಲ್ಲವೋ. ಕೊನೆಗೆ ದುಡ್ಡು. ಅದರಲ್ಲೂ 'ಒಂದು ಇಂಜೆಕ್ಷನ್‌ಗೆ ಎಷ್ಟು' ಅಂತ ಅಲ್ಲ, 'ಎರಡು ವರ್ಷ ಬಿಡದೆ ಕೊಡೋಕಾಗುತ್ತಾ' ಅಂತ ಕೇಳಿಕೊಳ್ಳಬೇಕು. ಮೂರು ತಿಂಗಳು ತಗೊಂಡು ದುಡ್ಡಿಲ್ಲದೆ ನಿಲ್ಲಿಸಿದವರನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ನಾನು ಬೇಕಾದಷ್ಟು ನೋಡಿದ್ದೇನೆ.

ಕರೆಗಂಟೆಯ ಕಥೆ

ಜೀವಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ಪ್ರೋಟೀನುಗಳಿರುತ್ತವೆ. ಕನ್ನಡ ಪುಸ್ತಕಗಳಲ್ಲಿ ಇವಕ್ಕೆ 'ಗ್ರಾಹಕ' ಅನ್ನುತ್ತಾರೆ. ಓದಿದ ಕೂಡಲೇ ಅಂಗಡಿ ಗಿರಾಕಿ ನೆನಪಾಗುತ್ತಾನೆ, ಹಾಗಾಗಿ ರಿಸೆಪ್ಟರ್ ಅಂತಲೇ ಬರೆಯುತ್ತೇನೆ. ಮನೆ ಬಾಗಿಲಿನ ಕರೆಗಂಟೆ ಅಂದುಕೊಳ್ಳಿ. ಕೋಶಗಳ ನಡುವೆ ಸುದ್ದಿ ಒಯ್ಯುವ ಟಿಎನ್‌ಎಫ್ ಬಂದು ಗಂಟೆ ಒತ್ತುತ್ತದೆ. ಒಳಗಿನ ತಂತಿಯಲ್ಲಿ ಸುದ್ದಿ ಹೋಗುತ್ತದೆ. ಕೋಶ ಎದ್ದು ಇನ್ನಷ್ಟು ಜನರನ್ನು ಕೂಗುತ್ತದೆ. ಇದೇ ಉರಿಯೂತ. ಗಾಯವಾದಾಗ, ಸೋಂಕು ಬಂದಾಗ ಇದು ಬೇಕೇಬೇಕು. ಸಂಧಿವಾತದಲ್ಲಿ ಈ ಗಂಟೆ ಹಗಲೂ ರಾತ್ರಿ ಸುಮ್ನೆ ಬಾರಿಸುತ್ತಲೇ ಇರುತ್ತದೆ. ಕೀಲಿನ ಒಳಪೊರೆ ಊದಿ, ಮೂಳೆಯನ್ನು ಮೆಲ್ಲಗೆ ತಿನ್ನುತ್ತದೆ.

ಟಿಎನ್‌ಎಫ್‌ಗೆ ಎರಡು ಗಂಟೆಗಳಿವೆ. ಒಂದನೆಯ ರಿಸೆಪ್ಟರ್ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಇದೆ. ಎರಡನೆಯದು ಮುಖ್ಯವಾಗಿ ರೋಗನಿರೋಧಕ ಕೋಶಗಳಲ್ಲಿ, ರಕ್ತನಾಳದ ಒಳಪದರದಲ್ಲಿ. ಮೊದಲನೆಯದು ಸ್ವಲ್ಪ ವಿಚಿತ್ರ. ಸಾಮಾನ್ಯವಾಗಿ ಅದನ್ನು ಒತ್ತಿದರೆ 'ಬದುಕು, ಊದು, ಎಲ್ಲರನ್ನೂ ಕರೆ' ಅನ್ನುವ ಆಜ್ಞೆ ಹೋಗುತ್ತದೆ. ಒಳಗಿನ ಕೆಲವು ಪ್ರೋಟೀನುಗಳಿಗೆ ಅಡ್ಡಿಯಾಗಿದ್ದರೆ ಅದೇ ಗಂಟೆ 'ಸಾಯಿ' ಅನ್ನುತ್ತದೆ.

ಹೆಸರು ಬಂದದ್ದು ಈ ಸಾಯಿಸುವ ಗುಣದಿಂದ. 1975ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯಲ್ಲಿ ಲಾಯ್ಡ್ ಓಲ್ಡ್ ಅವರ ತಂಡ ಇಲಿಗಳ ಗಡ್ಡೆ ಕರಗಿಸುವ ಒಂದು ವಸ್ತು ಕಂಡು ಈ ಹೆಸರಿಟ್ಟಿತು. ಕ್ಯಾನ್ಸರಿಗೆ ಔಷಧಿ ಸಿಕ್ಕೇಬಿಟ್ಟಿತು ಅಂದುಕೊಂಡರು. ಆದರೆ ಮನುಷ್ಯರ ರಕ್ತಕ್ಕೆ ಕೊಟ್ಟಾಗ ಬಿಪಿ ಕುಸಿದು ಶಾಕ್ ಆಗುತ್ತಿತ್ತು. ಯುರೋಪಿನಲ್ಲಿ ಕೈಕಾಲಿನ ಕೆಲವು ಸಾರ್ಕೋಮಾ (ಸ್ನಾಯು, ಕೊಬ್ಬಿನಂಥ ಅಂಗಾಂಶದ ಕ್ಯಾನ್ಸರ್) ಗಡ್ಡೆಗಳಿಗೆ ಮಾತ್ರ ಅದು ಔಷಧಿಯಾಗಿ ಉಳಿಯಿತು. ಆ ಕೈಯ ಅಥವಾ ಕಾಲಿನ ರಕ್ತಸಂಚಾರವನ್ನು ಬೇರೆ ಮಾಡಿ, ಅದಕ್ಕಷ್ಟೇ ಕೊಡುತ್ತಾರೆ.

ಆಮೇಲೆ ಕಥೆ ತಿರುಗಿಬಿಟ್ಟಿತು. 1999ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿಸ್ ಬಾಲ್ಕ್‌ವಿಲ್ ಅವರ ತಂಡ ಟಿಎನ್‌ಎಫ್ ಇಲ್ಲದ ಇಲಿಗಳ ಚರ್ಮಕ್ಕೆ ಕ್ಯಾನ್ಸರ್ ತರುವ ರಾಸಾಯನಿಕ ಹಚ್ಚಿ ನೋಡಿತು. ಗಡ್ಡೆ ಜಾಸ್ತಿ ಆಗಬೇಕಿತ್ತು ಅಲ್ವಾ? ಕಮ್ಮಿ ಆಯಿತು. ದೊಡ್ಡ ಪ್ರಮಾಣದಲ್ಲಿ ಒಮ್ಮೆಲೇ ಸುರಿದರೆ ಗಡ್ಡೆ ಕೊಲ್ಲುವ ಅದೇ ಟಿಎನ್‌ಎಫ್, ವರ್ಷಗಟ್ಟಲೆ ಸಣ್ಣಗೆ ಜಿನುಗುತ್ತಿದ್ದರೆ ಗಡ್ಡೆಗೆ ಗೊಬ್ಬರವಾಗಬಲ್ಲದು.

ಅತ್ತೆಗೆ ನಾನು ಹೇಳಿದ್ದು ಇಷ್ಟು. ಸಂಧಿವಾತ ಇರುವವರಿಗೆ ಲಿಂಫೋಮಾ, ಅಂದರೆ ದುಗ್ಧರಸ (ಲಿಂಫ್) ಗ್ರಂಥಿಯ ಕ್ಯಾನ್ಸರ್, ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡರಷ್ಟು. ಎರಡರಷ್ಟಾದರೂ ಅದು ಅಪರೂಪವೇ. 2006ರ ಒಂದು ಸ್ವೀಡನ್ ಅಧ್ಯಯನದಲ್ಲಿ, ಉರಿಯೂತ ವರ್ಷಗಟ್ಟಲೆ ಜೋರಾಗಿದ್ದವರಲ್ಲೇ ಇದು ಹೆಚ್ಚು ಕಂಡಿತು. ಅಂದರೆ ಔಷಧಿ ತಗೊಳ್ಳದೆ ಕೂತರೆ ಕ್ಯಾನ್ಸರ್ ಭಯ ತಪ್ಪಿತು ಅನ್ನುವ ಲೆಕ್ಕ ತಪ್ಪು.

ಇಂಜೆಕ್ಷನ್‌ಗೂ ಮುಂಚೆ: ಮೂರು ಮಾತ್ರೆ

ಇದನ್ನು ಯಾರೂ ಕೇಳುವುದೇ ಇಲ್ಲ, ಅದಕ್ಕೇ ಮೊದಲು ಹೇಳುತ್ತೇನೆ. ಮೆಥೋಟ್ರೆಕ್ಸೇಟ್ ಜೊತೆಗೆ ಸಲ್ಫಾಸಲಜೈನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸುವ ಪದ್ಧತಿ ಇದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೆಥೋಟ್ರೆಕ್ಸೇಟ್ ಸಾಲದ 353 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಈ ಮೂರು ಮಾತ್ರೆ, ಇನ್ನೊಂದಕ್ಕೆ ಮೆಥೋಟ್ರೆಕ್ಸೇಟ್ ಜೊತೆ ಎಟನರ್ಸೆಪ್ಟ್ ಇಂಜೆಕ್ಷನ್. 24 ವಾರದಲ್ಲಿ ಗುಣ ಕಾಣದವರನ್ನು ಆ ಕಡೆಯಿಂದ ಈ ಕಡೆಗೆ ಬದಲಾಯಿಸಿದರು. 48 ವಾರದ ಕೊನೆಗೆ ಮಾತ್ರೆಯಿಂದ ಶುರು ಮಾಡಿದವರು ಹಿಂದೆ ಬಿದ್ದಿರಲಿಲ್ಲ.

ದಿನಕ್ಕೆ ನುಂಗುವ ಮಾತ್ರೆಗಳ ಸಂಖ್ಯೆ ಜಾಸ್ತಿ, ಸಲ್ಫಾ ಕೆಲವರ ಹೊಟ್ಟೆ ಕೆಡಿಸುತ್ತದೆ, ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಂಡರೆ ಕಣ್ಣಿನ ತಪಾಸಣೆ ಬೇಕು. ಆದರೆ ಖರ್ಚು ತೀರಾ ಕಮ್ಮಿ. ಟಿಬಿ ಕೆರಳುವ ಭಯವೂ ಅಷ್ಟಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ, ಕೀಲು ಇನ್ನೂ ಸವೆದಿಲ್ಲದಿದ್ದರೆ, ನಾನಾದರೆ ಇಲ್ಲಿಂದಲೇ ಶುರು ಮಾಡಿ ಅಂತ ಕೇಳುತ್ತೇನೆ. ನಾವೂ ಹಾಗೇ ಮಾಡಿದ್ದು. ಅತ್ತೆಗೆ ಆರು ತಿಂಗಳು ಅರ್ಧಂಬರ್ಧ ಗುಣ ಕಂಡಿತು, ಆಮೇಲೆ ನಿಂತಿತು.

ಟಿಎನ್‌ಎಫ್ ತಡೆಯುವವು

ಹೆಚ್ಚಿನವರ ಚೀಟಿಯಲ್ಲಿ ಇರುವುದು ಇವೇ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಮೊದಲ ಸಂಧಿವಾತ ರೋಗಿಗಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರು. ಅಲ್ಲಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷ ದಾಟಿದ ಅನುಭವವಿದೆ. ಅದೇ ಇವುಗಳ ದೊಡ್ಡ ಬಲ.

ಇವುಗಳಲ್ಲೇ ಎರಡು ಜಾತಿ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಎರಡೂ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು. ಗಂಟೆ ಒತ್ತಲು ಬಂದ ಟಿಎನ್‌ಎಫ್‌ನ ಕೈಯನ್ನೇ ಹಿಡಿದುಕೊಳ್ಳುತ್ತವೆ. ಎಟನರ್ಸೆಪ್ಟ್ ಹಾಗಲ್ಲ, ಅದು ರಿಸೆಪ್ಟರಿನದೇ ನಕಲು. ಎರಡನೆಯ ರಿಸೆಪ್ಟರಿನ ಹೊರಭಾಗ ಕತ್ತರಿಸಿ ಪ್ರತಿಕಾಯದ ಬಾಲಕ್ಕೆ ಅಂಟಿಸಿದ್ದಾರೆ. ಬೀದಿ ಕಂಬಕ್ಕೆ ಸುಳ್ಳು ಗಂಟೆ ನೇತು ಹಾಕಿದ ಹಾಗೆ. ಟಿಎನ್‌ಎಫ್ ಬಂದು ಅದನ್ನೇ ಒತ್ತುತ್ತಾ ನಿಲ್ಲುತ್ತದೆ, ಮನೆಯೊಳಗೆ ಸದ್ದೇ ಇಲ್ಲ.

ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ. ಟಿಬಿ ರೋಗಾಣು ನಮ್ಮ ಶ್ವಾಸಕೋಶದಲ್ಲಿ ಮಲಗಿದ್ದರೆ, ಅದರ ಸುತ್ತ ರೋಗನಿರೋಧಕ ಕೋಶಗಳು ಕೋಟೆ ಕಟ್ಟಿಕೊಂಡು ಕೂತಿರುತ್ತವೆ. ಆ ಕೋಟೆ ನಿಲ್ಲಲು ಟಿಎನ್‌ಎಫ್ ಬೇಕು. ತಡೆದರೆ ಗೋಡೆ ಸಡಿಲವಾಗಿ ಒಳಗಿದ್ದದ್ದು ಹೊರಬರುತ್ತದೆ. 2001ರಲ್ಲಿ ಅಮೆರಿಕದ ವೈದ್ಯರು ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ ಮೇಲೆ ಟಿಬಿ ಬಂದ 70 ಜನರ ವಿವರ ಪ್ರಕಟಿಸಿದಾಗ ಇದು ಎಲ್ಲರ ಗಮನಕ್ಕೆ ಬಂತು. ಬ್ರಿಟನ್ನಿನ ರೋಗಿಗಳ ದಾಖಲೆಯಲ್ಲಿ ಎಟನರ್ಸೆಪ್ಟ್ ತಗೊಂಡವರಲ್ಲಿ ಟಿಬಿ, ಪ್ರತಿಕಾಯ ತಗೊಂಡವರಿಗಿಂತ ಕಮ್ಮಿ ಕಂಡಿತು. ಟಿಬಿ ಸುತ್ತಮುತ್ತಲೇ ಇರುವ ನಮ್ಮಂಥ ಕಡೆ ಇದು ಎಟನರ್ಸೆಪ್ಟ್‌ಗೆ ಸಿಗುವ ದೊಡ್ಡ ಅಂಕ.

ಹಾಗಂತ ಅದು ಎಲ್ಲದಕ್ಕೂ ಆಗುವುದಿಲ್ಲ. ಕ್ರೋನ್ಸ್ ಥರದ ಕರುಳಿನ ಉರಿಯೂತಕ್ಕೆ ಎಟನರ್ಸೆಪ್ಟ್ ಕೆಲಸ ಮಾಡುವುದಿಲ್ಲ. ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಇದ್ದರೂ ಅಡಾಲಿಮುಮ್ಯಾಬ್ ಮೇಲು. ಎಟನರ್ಸೆಪ್ಟ್ ವಾರಕ್ಕೊಂದು ಚುಚ್ಚು, ಅಡಾಲಿಮುಮ್ಯಾಬ್ ಎರಡು ವಾರಕ್ಕೊಂದು. ಸೂಜಿ ಕಂಡರೆ ಆಗದವರಿಗೆ ಇದೂ ಲೆಕ್ಕಕ್ಕೆ ಬರುತ್ತದೆ.

ಯಾವುದೇ ಆಗಲಿ, ಶುರು ಮಾಡುವ ಮುಂಚೆ ಎದೆ ಎಕ್ಸ್‌ರೇ ಮತ್ತು ಮಂಟೂ (ಚರ್ಮಕ್ಕೆ ಚುಚ್ಚಿ ನೋಡುವುದು) ಇಲ್ಲವೇ ಟಿಬಿ ಗೋಲ್ಡ್ (ರಕ್ತದಲ್ಲಿ ನೋಡುವುದು) ಪರೀಕ್ಷೆ ಆಗಲೇಬೇಕು. ಮಲಗಿರುವ ಟಿಬಿ ಇದೆ ಅಂತ ಬಂದರೆ ಹೆದರಬೇಡಿ. ತಡೆಗಟ್ಟುವ ಮಾತ್ರೆ ಶುರು ಮಾಡಿ, ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳಾದ ಮೇಲೆ ಇಂಜೆಕ್ಷನ್ ಕೊಡುತ್ತಾರೆ. ಅತ್ತೆಗೆ ಹಾಗೇ ಆಯಿತು. ಮಂಟೂ ಹಾಕಿದ ಜಾಗ ಕೋಡುಬಳೆಯಷ್ಟು ಅಗಲ ಕೆಂಪಗೆ ಊದಿಕೊಂಡಿತ್ತು.

ಇನ್ನು ಕ್ಯಾನ್ಸರ್. ಡಬ್ಬಿಯೊಳಗಿನ ಹಾಳೆಯಲ್ಲಿ ಲಿಂಫೋಮಾ ಬಗ್ಗೆ ಎಚ್ಚರಿಕೆ ಇರುತ್ತದೆ. 2009ರಲ್ಲಿ ಅಮೆರಿಕದ ಔಷಧ ಇಲಾಖೆ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಇದನ್ನು ಬಲಪಡಿಸಿತು. ಕರುಳಿನ ಕಾಯಿಲೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆಯ ಜೊತೆಗೆ ಇವನ್ನೂ ತಗೊಂಡ ಎಳೆಯ ಹುಡುಗರಲ್ಲಿ ಒಂದು ಅಪರೂಪದ, ಕೆಟ್ಟ ಲಿಂಫೋಮಾ ಕಂಡದ್ದೂ ನಿಜ. ಆದರೆ ಯುರೋಪಿನ ದೊಡ್ಡ ದಾಖಲೆಗಳಲ್ಲಿ ಸಂಧಿವಾತದ ದೊಡ್ಡವರನ್ನು ನೋಡಿದರೆ, ಟಿಎನ್‌ಎಫ್ ತಡೆದವರಲ್ಲಿ ಒಟ್ಟಾರೆ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಚರ್ಮದ ಕ್ಯಾನ್ಸರ್ ಮಾತ್ರ ಸ್ವಲ್ಪ ಹೆಚ್ಚು ಅಂತ ಕೆಲವು ಕಡೆ ಕಂಡಿದೆ. ಹೃದಯ ತೀರಾ ಸೋತವರಿಗೆ ಈ ಗುಂಪು ಬೇಡ, ಅದನ್ನು ನೆನಪಿಡಿ.

ಮನೆಯಲ್ಲಿ ಇಡುವ ಕಷ್ಟವನ್ನೂ ಹೇಳಬೇಕು. ಇವು ಫ್ರಿಜ್‌ನಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ನಾನು ಜಾಗ ಇಲ್ಲ ಅಂತ ಮೇಲಿನ ತಟ್ಟೆಯಲ್ಲಿ, ಫ್ರೀಜರಿನ ಗೋಡೆಗೆ ಒತ್ತಿ ಇಟ್ಟೆ. ಬೆಳಗ್ಗೆ ತೆಗೆದರೆ ಸಿರಿಂಜಿನೊಳಗೆ ಐಸು. ಕರಗಿಸಿ ಚುಚ್ಚುವ ಹಾಗಿಲ್ಲ, ಎಸೆದದ್ದೇ. ಅವತ್ತಿನಿಂದ ಬೆಣ್ಣೆ ಡಬ್ಬಿ ಮೇಲಕ್ಕೆ, ಇಂಜೆಕ್ಷನ್ ನಡುವಿನ ತಟ್ಟೆಗೆ.

ಟೋಸಿಲಿಜುಮ್ಯಾಬ್

ಇದು ಇನ್ನೊಂದು ಗಂಟೆಯ ವಿಷಯ. ಇಂಟರ್‌ಲ್ಯೂಕಿನ್-6, ಚುಟುಕಾಗಿ ಐಎಲ್-6, ಉರಿಯೂತದ ಸುದ್ದಿ ಒಯ್ಯುವ ಇನ್ನೊಂದು ಪ್ರೋಟೀನು. ಜಪಾನಿನ ಒಸಾಕಾದಲ್ಲಿ ತದಾಮಿತ್ಸು ಕಿಶಿಮೋಟೊ ಅವರ ತಂಡ 1986ರಲ್ಲಿ ಇದರ ಜೀನನ್ನು, 1988ರಲ್ಲಿ ರಿಸೆಪ್ಟರನ್ನು ಗುರುತಿಸಿತು. ಟೋಸಿಲಿಜುಮ್ಯಾಬ್ ಐಎಲ್-6ನ ಕೈ ಹಿಡಿಯುವುದಿಲ್ಲ, ನೇರ ಗಂಟೆಯ ಗುಂಡಿಯ ಮೇಲೇ ಟೇಪು ಅಂಟಿಸುತ್ತದೆ.

ಇದರ ದೊಡ್ಡ ಗುಣ ಒಂದೇ, ಒಬ್ಬಂಟಿಯಾಗಿ ಕೆಲಸ ಮಾಡುತ್ತದೆ. ಟಿಎನ್‌ಎಫ್ ಇಂಜೆಕ್ಷನ್‌ಗಳಿಗೆ ಮೆಥೋಟ್ರೆಕ್ಸೇಟ್ ಜೊತೆಗಿದ್ದರೇ ಬಲ. ಮೆಥೋಟ್ರೆಕ್ಸೇಟ್ ಒಗ್ಗದ 326 ಜನರಲ್ಲಿ ಅಡಾಲಿಮುಮ್ಯಾಬ್ ಒಂದನ್ನೇ ಮತ್ತು ಟೋಸಿಲಿಜುಮ್ಯಾಬ್ ಒಂದನ್ನೇ ಕೊಟ್ಟು ಹೋಲಿಸಿದಾಗ, 24 ವಾರದಲ್ಲಿ ಟೋಸಿಲಿಜುಮ್ಯಾಬ್ ಗೆದ್ದಿತು. ಹಾಗಾಗಿ ಮೆಥೋಟ್ರೆಕ್ಸೇಟ್ ತಗೊಂಡ ದಿನ ವಾಂತಿ ಮಾಡಿಕೊಂಡು ಮಲಗುವವರಿಗೆ, ಲಿವರ್ ಕಾರಣಕ್ಕೆ ಅಲ್ಲದಿದ್ದರೆ, ಇದೇ ನನ್ನ ಮೊದಲ ಹೆಸರು. ಲಿವರ್ ರಿಪೋರ್ಟು ಏರಿದ್ದರೆ ಇದೂ ಕಷ್ಟ.

ಅಡ್ಡಿಗಳೂ ಇವೆ. ರಕ್ತದಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ಏರಲು ಐಎಲ್-6 ಬೇಕು. ಈ ಔಷಧಿ ತಗೊಂಡರೆ ಸಿಆರ್‌ಪಿ ಕೆಳಗೇ ಕೂತಿರುತ್ತದೆ. ಒಳಗೆ ನ್ಯುಮೋನಿಯಾ ಆಗುತ್ತಿದ್ದರೂ ರಿಪೋರ್ಟು ಚೆನ್ನಾಗಿದೆ ಅನ್ನುತ್ತದೆ, ಜ್ವರವೂ ಜೋರಾಗಿ ಬರದೇ ಇರಬಹುದು. ಬೇರೆ ಡಾಕ್ಟರ ಹತ್ತಿರ ಹೋದಾಗ 'ನಾನು ಇದನ್ನು ತಗೊಳ್ತಿದ್ದೀನಿ' ಅಂತ ಬಾಯಿ ಬಿಟ್ಟು ಹೇಳಲೇಬೇಕು. ಕೊಲೆಸ್ಟರಾಲ್ ಏರುತ್ತದೆ. ಡೈವರ್ಟಿಕ್ಯುಲೈಟಿಸ್, ಅಂದರೆ ಕರುಳಿನ ಗೋಡೆಯ ಸಣ್ಣ ಚೀಲಗಳ ಉರಿಯೂತ, ಆಗಿದ್ದವರಿಗೆ ಕರುಳು ತೂತಾಗುವ ಅಪಾಯವಿದೆ, ಅವರಿಗೆ ಬೇಡ.

ಕ್ಯಾನ್ಸರ್ ವಾರ್ಡಿನಲ್ಲಿ ಇದೇ ಔಷಧಿ ಪ್ರಾಣ ಉಳಿಸುತ್ತದೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದ 6 ವರ್ಷದ ಹುಡುಗಿಗೆ ಕಾರ್-ಟಿ ಕೋಶ ಚಿಕಿತ್ಸೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ಮೇಲೆ ಬೀಳುವಂತೆ ತಿದ್ದಿ ಕೊಡುವುದು) ಕೊಟ್ಟಾಗ ಐಎಲ್-6 ವಿಪರೀತ ಏರಿ ಸಾಯುವ ಹಂತಕ್ಕೆ ಹೋದಳು. ಟೋಸಿಲಿಜುಮ್ಯಾಬ್ ಕೊಟ್ಟ ಮೇಲೆ ಬೇಗನೆ ಚೇತರಿಸಿಕೊಂಡಳು. 2017ರಲ್ಲಿ ಅಮೆರಿಕ ಈ ಬಳಕೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಹೆಸರು ಕೇಳಿ 'ಇದು ಕ್ಯಾನ್ಸರ್ ಔಷಧಿ ಅಲ್ವಾ' ಅಂತ ಯಾರಾದರೂ ಹೆದರಿಸಿದರೆ ಹಿನ್ನೆಲೆ ಇದು.

ಟೋಫಾಸಿಟಿನಿಬ್

ಚುಚ್ಚು ಇಲ್ಲ, ಫ್ರಿಜ್ ಬೇಡ. ಬೆಳಗ್ಗೆ ಒಂದು, ರಾತ್ರಿ ಒಂದು 5 ಮಿಲಿಗ್ರಾಂ ಮಾತ್ರೆ. ನಮ್ಮ ಕಂಪನಿಗಳ ಜನರಿಕ್ ಸಿಗುವುದರಿಂದ ಇಂಜೆಕ್ಷನ್‌ಗಳ ಮುಂದೆ ಬೆಲೆಯೂ ಕಮ್ಮಿ. ಅದಕ್ಕೇ ಇತ್ತೀಚೆಗೆ ಚೀಟಿಯಲ್ಲಿ ಇದರ ಹೆಸರೇ ಜಾಸ್ತಿ.

ಇದು ಗಂಟೆ ಮುಟ್ಟುವುದಿಲ್ಲ, ಒಳಗಿನ ತಂತಿ ಕತ್ತರಿಸುತ್ತದೆ. ಆ ತಂತಿಯ ಹೆಸರು ಜ್ಯಾಕ್. ತೊಂದರೆ ಏನೆಂದರೆ, ಈ ಒಂದು ತಂತಿಗೆ ಐಎಲ್-6, ಇಂಟರ್‌ಫೆರಾನ್ ಅಂತ ಹಲವು ಗಂಟೆಗಳು ಸೇರಿಕೊಂಡಿವೆ. ಟಿಎನ್‌ಎಫ್ ಗಂಟೆಯ ತಂತಿ ಮಾತ್ರ ಬೇರೆ. ಇಂಟರ್‌ಫೆರಾನ್ ವೈರಸ್‌ಗಳನ್ನು ಕಾಯುವ ಕೆಲಸ ಮಾಡುತ್ತದೆ, ಅದನ್ನೂ ಕತ್ತರಿಸಿದರೆ ಸರ್ಪಸುತ್ತು ಏಳುವುದು ಹೆಚ್ಚು. ಶುರು ಮಾಡುವ ಮುಂಚೆ ಸರ್ಪಸುತ್ತಿನ ಲಸಿಕೆ ಬಗ್ಗೆ ಕೇಳಿ. ಟಿಬಿ ಪರೀಕ್ಷೆ ಇದಕ್ಕೂ ಬೇಕು. ಮಾತ್ರೆ ತಾನೇ ಅಂತ ಬಿಡಬೇಡಿ.

ಕ್ಯಾನ್ಸರ್ ಪ್ರಶ್ನೆಗೆ ಸರಿಯಾದ ಅಂಕಿ ಸಿಗುವುದು ಇಲ್ಲೇ. 50 ದಾಟಿದ, ಹೃದಯಕ್ಕೆ ಕನಿಷ್ಠ ಒಂದು ಅಪಾಯಕಾರಿ ಅಂಶವಿದ್ದ 4,362 ಸಂಧಿವಾತ ರೋಗಿಗಳಲ್ಲಿ ಟೋಫಾಸಿಟಿನಿಬ್ ಮತ್ತು ಟಿಎನ್‌ಎಫ್ ಇಂಜೆಕ್ಷನ್‌ಗಳನ್ನು ಹೋಲಿಸಿ, 2022ರಲ್ಲಿ ಪ್ರಕಟಿಸಿದರು. ಸುಮಾರು 4 ವರ್ಷದಲ್ಲಿ ಕ್ಯಾನ್ಸರ್ ಆದದ್ದು ಟೋಫಾಸಿಟಿನಿಬ್ ಕಡೆ ನೂರಕ್ಕೆ 4.2, ಇಂಜೆಕ್ಷನ್ ಕಡೆ 2.9. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಥರದ್ದು 3.4 ಮತ್ತು 2.5. ಅಂದರೆ ನೂರು ಜನರಲ್ಲಿ ಒಬ್ಬರು ಹೆಚ್ಚು. ಸಣ್ಣದು ಅನ್ನಬಹುದು. ಆದರೆ ಆ ಒಬ್ಬರು ಸಿಗರೇಟು ಸೇದುವ, 65 ದಾಟಿದ ನಿಮ್ಮ ಮಾವ ಆಗಿರುವ ಸಂಭವ, ಮೂವತ್ತರ ನಿಮ್ಮ ತಂಗಿ ಆಗಿರುವ ಸಂಭವಕ್ಕಿಂತ ಬಹಳ ಹೆಚ್ಚು.

ನನ್ನ ಅಭಿಪ್ರಾಯ ನೇರ. ವಯಸ್ಸು ಚಿಕ್ಕದು, ಸಿಗರೇಟಿಲ್ಲ, ಹೃದಯ ಚೆನ್ನಾಗಿದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿಲ್ಲ, ಇಂಜೆಕ್ಷನ್‌ಗೆ ದುಡ್ಡಿಲ್ಲ ಅನ್ನುವವರಿಗೆ ಇದು ಒಳ್ಳೆಯ ಆಯ್ಕೆ. 65 ದಾಟಿದವರಿಗೆ, ಸೇದುವವರಿಗೆ, ಹಿಂದೆ ಕ್ಯಾನ್ಸರ್ ಆದವರಿಗೆ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ. ಮಗು ಬೇಕು ಅನ್ನುವವರಿಗೆ ಬೇಡ.

ರಿಟುಕ್ಸಿಮ್ಯಾಬ್

ಇದಕ್ಕೆ ಜಾಸ್ತಿ ಬರೆಯುವುದಿಲ್ಲ. ಇದು ಗಂಟೆ ತಂತಿ ಏನೂ ನೋಡದೆ ಪ್ರತಿಕಾಯ ತಯಾರಿಗೆ ಬೇಕಾದ ಬಿ ಕೋಶಗಳನ್ನೇ ಖಾಲಿ ಮಾಡುತ್ತದೆ. ಹುಟ್ಟಿದ್ದೇ ಲಿಂಫೋಮಾ ಔಷಧಿಯಾಗಿ, 1997ರಲ್ಲಿ. ಹಾಗಾಗಿ ಹಿಂದೆ ಲಿಂಫೋಮಾ ಆಗಿದ್ದ ಸಂಧಿವಾತ ರೋಗಿಗೆ ಅಮೆರಿಕದ ಮಾರ್ಗಸೂಚಿಯೂ ಇದನ್ನೇ ಮುಂದಿಡುತ್ತದೆ. ಟಿಬಿ ಹೆಚ್ಚಿಸಿದ್ದು ಕಂಡಿಲ್ಲ, ನಮಗೆ ಇದೂ ಮುಖ್ಯ. ಹೆಪಟೈಟಿಸ್ ಬಿ ಇದ್ದರೆ ಮಾತ್ರ ಅದು ಕೆರಳಬಹುದು, ರಕ್ತ ಪರೀಕ್ಷೆ ಆಗದೆ ತಗೊಳ್ಳಬೇಡಿ. ತಗೊಂಡ ಮೇಲೆ ಲಸಿಕೆಗಳು ಸರಿಯಾಗಿ ಹತ್ತುವುದಿಲ್ಲ, ಬೇಕಾದವನ್ನು ಮುಂಚೆಯೇ ಹಾಕಿಸಿಕೊಳ್ಳಿ. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ (ಎರಡೂ ಈ ಕಾಯಿಲೆ ಗುರುತಿಸಲು ನೋಡುವ ಪ್ರತಿಕಾಯಗಳು) ಇರುವವರಿಗೆ ಹೆಚ್ಚು ಹಿಡಿಸುತ್ತದೆ.

ಜೇಬಿನ ಲೆಕ್ಕ

ಬೆಲೆ ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕೆ ವರ್ಷಕ್ಕೆ ಎಷ್ಟು ಬೇಕು ಅನ್ನುವುದನ್ನು ಕೊಡುತ್ತೇನೆ, ನಿಮ್ಮ ಮೆಡಿಕಲ್ ಶಾಪಿನ ಬೆಲೆಯಿಂದ ಗುಣಿಸಿಕೊಳ್ಳಿ. ಅಡಾಲಿಮುಮ್ಯಾಬ್ 40 ಮಿಲಿಗ್ರಾಂ ವರ್ಷಕ್ಕೆ 26 ಇಂಜೆಕ್ಷನ್. ಎಟನರ್ಸೆಪ್ಟ್ 50 ಮಿಲಿಗ್ರಾಂ 52. ಇನ್‌ಫ್ಲಿಕ್ಸಿಮ್ಯಾಬ್ ಮೊದಲ ವರ್ಷ 8 ಸಲ, 60 ಕೆಜಿ ತೂಕಕ್ಕೆ ಸಲಕ್ಕೆ 100 ಮಿಲಿಗ್ರಾಂನ ಎರಡು ಬಾಟಲಿ. ಟೋಸಿಲಿಜುಮ್ಯಾಬ್ ಡ್ರಿಪ್ಪಿನಲ್ಲಾದರೆ ನಾಲ್ಕು ವಾರಕ್ಕೊಮ್ಮೆ, ವರ್ಷಕ್ಕೆ 13. ಕೆಜಿಗೆ 8 ಮಿಲಿಗ್ರಾಂನಂತೆ 60 ಕೆಜಿಗೆ 480, ಅಂದರೆ 400ರದೊಂದು 80ರದೊಂದು ಬಾಟಲಿ. ರಿಟುಕ್ಸಿಮ್ಯಾಬ್ ಒಂದು ಗ್ರಾಂನ ಡ್ರಿಪ್ ಹದಿನೈದು ದಿನದ ಅಂತರದಲ್ಲಿ ಎರಡು, ಆರು ತಿಂಗಳಿಗೆ ಮತ್ತೆ ಬೇಕಾದರೆ ಒಟ್ಟು ನಾಲ್ಕು. ಟೋಫಾಸಿಟಿನಿಬ್ 730 ಮಾತ್ರೆ.

ಬಾಟಲಿಯ ಬೆಲೆ ನೋಡಿ ರಿಟುಕ್ಸಿಮ್ಯಾಬ್ ದುಬಾರಿ ಅಂದುಕೊಂಡವರು ವರ್ಷದ ಲೆಕ್ಕ ಹಾಕಿದಾಗ ಮನಸ್ಸು ಬದಲಾಯಿಸಿದ್ದಿದೆ. ದೇಶೀ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನೇ ಹೋಲುವಂತೆ ಬೇರೆ ಕಂಪನಿ ಮಾಡಿದ್ದನ್ನು, ಕೇಳಿ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ರಿಟುಕ್ಸಿಮ್ಯಾಬ್ ತಂದಿತು. ಅಡಾಲಿಮುಮ್ಯಾಬ್‌ನ ಬಯೋಸಿಮಿಲರನ್ನು ಪ್ರಪಂಚದಲ್ಲೇ ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಗುಜರಾತಿನ ಜೈಡಸ್, 2014ರಲ್ಲಿ. ಡ್ರಿಪ್ಪಿನದ್ದಾದರೆ ಡೇ ಕೇರ್ ಅಂತ ಇನ್ಶೂರೆನ್ಸ್ ಸಿಗುತ್ತದಾ, ಮನೆಯಲ್ಲಿ ಚುಚ್ಚಿಕೊಳ್ಳುವುದಕ್ಕೆ ಸಿಗುತ್ತದಾ, ಎಷ್ಟರವರೆಗೆ ಅಂತ ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಿ.

ಒಂದು ಮಾತು ಬಿಟ್ಟುಹೋಗಿತ್ತು. ಸೊಂಟ, ಬೆನ್ನು ಹಿಡಿದುಕೊಳ್ಳುವ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವ ಹುಡುಗರೂ ಇದೇ ಪಟ್ಟಿ ಹಿಡಿದು ಕೇಳುತ್ತಾರೆ. ಅವರಿಗೆ ಟೋಸಿಲಿಜುಮ್ಯಾಬ್, ರಿಟುಕ್ಸಿಮ್ಯಾಬ್ ಎರಡನ್ನೂ ಹೊಡೆದು ಹಾಕಿ, ಆ ಕಾಯಿಲೆಗೆ ಅವು ಹಿಡಿಸುವುದಿಲ್ಲ. ಟಿಎನ್‌ಎಫ್ ತಡೆಯುವವು ಹಿಡಿಸುತ್ತವೆ, ಟೋಫಾಸಿಟಿನಿಬ್ ಕೂಡ.

ನಮ್ಮ ಅತ್ತೆಗೆ ಆಗ 67. ಸಕ್ಕರೆ ಕಾಯಿಲೆ ಇತ್ತು, ಮಂಟೂ ಪಾಸಿಟಿವ್, ಮೆಥೋಟ್ರೆಕ್ಸೇಟ್ ಒಗ್ಗುತ್ತಿತ್ತು. ಟೋಫಾಸಿಟಿನಿಬ್ ವಯಸ್ಸಿನ ಕಾರಣಕ್ಕೆ ಬಿಟ್ಟೆವು. ಎಟನರ್ಸೆಪ್ಟ್ ಮತ್ತು ರಿಟುಕ್ಸಿಮ್ಯಾಬ್ ಉಳಿದವು. ಡಾಕ್ಟರು ಎರಡೂ ಸರಿ ಅಂದರು. ಅತ್ತೆ ಡ್ರಿಪ್ ಹಾಕಿಸಿಕೊಂಡು ದಿನವಿಡೀ ಮಲಗಲು ಒಪ್ಪಲಿಲ್ಲ. ಟಿಬಿ ಮಾತ್ರೆ ಒಂದು ತಿಂಗಳು ಮುಗಿಸಿ ಎಟನರ್ಸೆಪ್ಟ್ ಶುರು ಮಾಡಿದೆವು. ಮಂಗಳವಾರ ಮಂಗಳವಾರ, ಸಂಜೆ ಕಾಫಿ ಆದ ಮೇಲೆ. ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ತಾವೇ ಕೂತು ತೆಂಗಿನಕಾಯಿ ತುರಿಯುತ್ತಿದ್ದರು.